ಹಳೆಯ ಅಂಬಾಸಿಡರ್‌ನಲ್ಲಿ ಚಿಕ್ಕಮಗಳೂರಿನ ರ‍್ಯಾಲಿಗೆ

ಪ್ರಶ್ನೆ: ತಂದೆಯವರ 1972ರ ಅಂಬಾಸಿಡರ್ ಕಾರಿನಲ್ಲಿ ಅವರನ್ನೂ ಕರೆದುಕೊಂಡು ಚಿಕ್ಕಮಗಳೂರಿಗೆ ಹೋಗಿ, ಕಾಫಿ ತೋಟಗಳಲ್ಲಿ ನಡೆಯುವ ಕಾರ್ ರ‍್ಯಾಲಿ ನೋಡಬೇಕೆಂದಿದ್ದೇನೆ. ಯಾವ ಸಿದ್ಧತೆ ಅಗತ್ಯ?
— ಓದುಗರೊಬ್ಬರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಸುಮಾರು 300 ಕಿ.ಮೀ. ದೂರವನ್ನು ಒಂದೇ ದಿನದಲ್ಲಿ ಕ್ರಮಿಸಬಹುದಾದರೂ, ಹಾವೇರಿ, ರಾಣೆಬೆನ್ನೂರು, ಹರಿಹರ, ಹೊನ್ನಾಳಿ ಮಾರ್ಗವಾಗಿ ಶಿವಮೊಗ್ಗ ತಲುಪಿ ಅಲ್ಲಿ ರಾತ್ರಿ ತಂಗುವುದು ಕಾರಿಗೂ ತಂದೆಯವರಿಗೂ ಹಿತವೆಂಬುದು ನನ್ನ ಅಭಿಪ್ರಾಯ.

ಎಲ್ಲಕ್ಕಿಂತ ಮೊದಲು ಪೆಟ್ರೋಲ್ ಸಾಗಿಸುವ ರಬ್ಬರ್ ಪೈಪುಗಳನ್ನು ಬದಲಿಸಿರಿ. ಈಗ ಬಂಕುಗಳಲ್ಲಿ ಸಿಗುವ ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ಕೆಡಿಸುವುದರಿಂದ, ಬಿಸಿ ಎಂಜಿನ್ನಿನ ಮೇಲೆ ಸೋರಿ ಬೆಂಕಿ ಹೊತ್ತಿಕೊಳ್ಳುವ ಅಪಾಯವಿದೆ; ಇದರಲ್ಲಿ ಉಳಿತಾಯ ನೋಡಲೇಬಾರದು. ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್, ಎಂಜಿನ್ನಿಗೆ ಕಿಡಿ ಒದಗಿಸುವ ಭಾಗಗಳಾದ ಪಾಯಿಂಟ್, ಕಂಡೆನ್ಸರ್ ಹೆಚ್ಚುವರಿಯಾಗಿ ಜೊತೆಗಿರಲಿ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುವ ಈ ಕಾರನ್ನು ಇಳಿಜಾರಿನಲ್ಲಿ ಬ್ರೇಕ್ ಒತ್ತಿಕೊಂಡೇ ಇಳಿಸಿದರೆ ಡ್ರಮ್ಮು ಕಾದು ಹಿಡಿತ ಕುಂದುತ್ತದೆ. ಆದ್ದರಿಂದ ಕೆಳಗಿನ ಗೇರಿನಲ್ಲಿಯೇ ಇಳಿಸಿರಿ. ಆರ್‌.ಸಿ. ನವೀಕರಣ, ವಿಮೆ ಚಾಲ್ತಿಯಲ್ಲಿವೆಯೇ ಎಂದು ನೋಡಿಕೊಳ್ಳಿರಿ.

ಸ್ಪರ್ಧೆಯ ದಾರಿಯನ್ನು ಮೊದಲ ಕಾರು ಬರುವುದಕ್ಕೆ ಬಹಳ ಮುಂಚೆಯೇ ಮುಚ್ಚುವುದರಿಂದ ಬೆಳಗಿನ ಜಾವವೇ ಅಲ್ಲಿರಬೇಕು. ಹತೋಟಿ ತಪ್ಪಿದ ಕಾರು ಸಾಮಾನ್ಯವಾಗಿ ತಿರುವಿನ ಹೊರಬದಿಗೇ ನುಗ್ಗುತ್ತದೆ; ತಂದೆಯವರನ್ನು ಒಳಬದಿಯ ಎತ್ತರದ ದಿಬ್ಬದ ಮೇಲೆ, ದಾರಿಯಿಂದ ಸಾಕಷ್ಟು ದೂರದಲ್ಲಿ ಕೂರಿಸಿರಿ.