ಓದುಗರ ಪ್ರಶ್ನೆ: ಕೊಳದಂಚಿನ ಐರಿಸ್ ಮತ್ತು ನಮ್ಮ ಬಜೆ

ಪ್ರಶ್ನೆ: ಮೂಡಿಗೆರೆ ತಾಲ್ಲೂಕಿನ ನಮ್ಮ ಕಾಫಿ ತೋಟದ ಮನೆಯ ಮುಂದೆ ಇಪ್ಪತ್ತು ಅಡಿ ಅಗಲದ ಒಂದು ಹಳೆಯ ಕೊಳವಿದೆ. ಮಳೆಗಾಲದಲ್ಲಿ ಅದು ತುಂಬಿ ಕೋಡಿ ಬಿದ್ದು, ಕೆಳಗಿನ ಗದ್ದೆ ಬಯಲಿನ ಹಳ್ಳಕ್ಕೆ ನೀರು ಹರಿಯುತ್ತದೆ. ಅಮೆರಿಕದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿನ ಕೊಳದಂಚಿನಲ್ಲಿ ಕತ್ತಿಯಂಥ ಎಲೆಗಳ ನಡುವೆ ಅರಳಿದ್ದ ನೀಲಿ ಐರಿಸ್ ಹೂಗಳನ್ನು ಕಂಡು ಮನಸೋತೆ. ಅದು ಅಲ್ಲಿಯದೇ ನಾಡಗಿಡವೆಂದೂ, ಕೊಳಕ್ಕೆ ನಾಡಗಿಡವೇ ಒಳ್ಳೆಯದೆಂದೂ ಮಗಳು ಹೇಳಿದಳು. ಅದನ್ನು ತರಿಸಿ ನಮ್ಮ ಕೊಳದ ಸುತ್ತ ನೆಡಬಹುದೇ?

ಉತ್ತರ: ನಿಮ್ಮ ಮಗಳು ಹೇಳಿದ ಮಾತು ಸರಿಯಾಗಿದೆ. ಆದರೆ ಅದೇ ಮಾತನ್ನು ಮೂಡಿಗೆರೆಗೆ ಅನ್ವಯಿಸಿದರೆ ಆ ಗಿಡವನ್ನು ತರಬಾರದೆಂಬ ಉತ್ತರವೇ ಬರುತ್ತದೆ. ನೀವು ನೋಡಿದ್ದು ಬಹುಶಃ ಐರಿಸ್ ವರ್ಸಿಕಲರ್ ಎಂಬ ಜಾತಿ. ಉತ್ತರ ಅಮೆರಿಕದ ಪೂರ್ವಭಾಗದ ಜೌಗು ನೆಲ ಮತ್ತು ಕೆರೆಯಂಚುಗಳೇ ಅದರ ತವರು. ಕೆನಡಾದ ಕ್ವಿಬೆಕ್ ಪ್ರಾಂತ್ಯವು 1999ರಲ್ಲಿ ಅದನ್ನು ತನ್ನ ಲಾಂಛನದ ಹೂವಾಗಿ ಸ್ವೀಕರಿಸಿತು. ಅಲ್ಲಿ ಚಳಿಗಾಲದಲ್ಲಿ ಅದರ ಎಲೆಗಳು ಒಣಗಿ, ಮಣ್ಣಿನೊಳಗಿನ ಗೆಡ್ಡೆ ತಿಂಗಳುಗಟ್ಟಲೆ ಹಿಮದ ಚಳಿಯಲ್ಲಿ ವಿಶ್ರಮಿಸುತ್ತದೆ. ಬೀಜ ಮೊಳೆಯುವುದಕ್ಕೂ ಅಂಥ ಚಳಿಯನ್ನು ಹಾದು ಬರಬೇಕು. ಹಿಮ ಬೀಳದ, ವರ್ಷವಿಡೀ ಹಸಿರಾಗಿರುವ ನಮ್ಮ ಮಲೆನಾಡಿನಲ್ಲಿ ಅದಕ್ಕೆ ಆ ವಿಶ್ರಾಂತಿ ಸಿಗುವುದಿಲ್ಲವಾದ್ದರಿಂದ, ಗಿಡ ಬದುಕಿಕೊಂಡರೂ ನೀವು ಕಂಡಂತೆ ಹೂ ಬಿಡುವ ಭರವಸೆ ಬಹಳ ಕಡಿಮೆ. ಹೊರದೇಶದಿಂದ ಗಿಡ, ಗೆಡ್ಡೆ, ಬೀಜಗಳನ್ನು ತರುವುದಕ್ಕೆ 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕಾಗುತ್ತವೆ. ಪ್ರಯಾಣದ ಪೆಟ್ಟಿಗೆಯಲ್ಲಿ ಗೆಡ್ಡೆಯನ್ನು ಸುತ್ತಿ ತರುವ ಯೋಚನೆಯಿದ್ದರೆ ದಯವಿಟ್ಟು ಬಿಟ್ಟುಬಿಡಿ.

ಐರಿಸ್ ಕುಲದಲ್ಲಿ ಸುಮಾರು 300 ಜಾತಿಗಳಿದ್ದು, ಅವೆಲ್ಲವೂ ಉತ್ತರ ಗೋಳಾರ್ಧದವು. ಭಾರತದ ಕಾಡು ಐರಿಸ್‌ಗಳು ಹಿಮಾಲಯದಲ್ಲಿವೆ. ಕಾಶ್ಮೀರದಲ್ಲಿ ಗೋರಿಗಳ ಮೇಲೆ ಬಿಳಿಯ ಮತ್ತು ನೇರಳೆಯ ಐರಿಸ್ ನೆಡುವ ಪದ್ಧತಿ ಹಳೆಯದು. ಪಶ್ಚಿಮ ಘಟ್ಟದಲ್ಲಿ ಮಾತ್ರ ಕಾಡು ಐರಿಸ್ ಇಲ್ಲ. ಆದ್ದರಿಂದ ‘ನಾಡಿನ ನೀರು ಐರಿಸ್’ ಎಂಬುದು ನಮ್ಮ ಜಿಲ್ಲೆಗಳ ಮಟ್ಟಿಗೆ ಇಲ್ಲದ ಗಿಡದ ಹೆಸರು.

ಹಾಗೆಂದು ನಿಮ್ಮ ಆಸೆ ವ್ಯರ್ಥವಲ್ಲ. ಯುರೋಪಿನ ಕೊಳಗಳಲ್ಲಿ ಬೆಳೆಯುವ ಹಳದಿ ನೀರು ಐರಿಸ್‌ಗೆ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಕೊಟ್ಟ ಹೆಸರು ‘ಐರಿಸ್ ಸ್ಯೂಡಅಕೋರಸ್’, ಎಂದರೆ ‘ಹುಸಿ ಅಕೋರಸ್’ ಐರಿಸ್. ಅದರ ಎಲೆ ಅಕೋರಸ್ ಎಲೆಯನ್ನೇ ಹೋಲುವುದರಿಂದ ಆ ಹೆಸರು ಬಂತು. ಅಕೋರಸ್ ಎಂಬುದು ಬೇರೆ ಯಾವುದೂ ಅಲ್ಲ, ನಮ್ಮ ಅಜ್ಜಿಯರು ತೇಯುವ ಕಲ್ಲಿನ ಪಕ್ಕದಲ್ಲಿ ಇಟ್ಟುಕೊಂಡಿರುತ್ತಿದ್ದ ಬಜೆ. ಹುಸಿಯದರ ನೀಲಿ ಸೋದರಿಯನ್ನು ಕಂಡು ನೀವು ಮನಸೋತಿರಿ, ನಿಜವಾದದ್ದು ನಮ್ಮಲ್ಲಿಯೇ ಇದೆ ಎಂಬುದು ನನಗೆ ಪ್ರತಿ ಬಾರಿಯೂ ಸಂತೋಷ ಕೊಡುವ ಸಂಗತಿ. ನೀರಿನಂಚಿನಲ್ಲಿ ಮೂರಡಿ ಎತ್ತರಕ್ಕೆ ನೆಟ್ಟಗೆ ನಿಲ್ಲುವ ಹಸಿರು ಕತ್ತಿಗಳ ಸಾಲು, ಅದರ ನೆರಳು ನೀರಿನಲ್ಲಿ ಬೀಳುವ ಚಂದ, ಇವೆರಡನ್ನೂ ಬಜೆ ಕೊಡುತ್ತದೆ. ಅದರ ಜೊತೆಗೆ, ಎಲೆಯನ್ನು ಉಜ್ಜಿದರೆ ಬರುವ ಪರಿಮಳ ಐರಿಸ್ ಎಲೆಗೆ ಇಲ್ಲ. ಬಜೆಯ ಹೂ ಮಾತ್ರ ಕಣ್ಸೆಳೆಯುವುದಿಲ್ಲ. ಹಸಿರು ಹಳದಿ ಬಣ್ಣದ ಬೆರಳಿನಂಥ ಗೊಂಚಲು ಕಾಂಡದ ಬದಿಯಿಂದ ಹೊರಚಾಚಿರುತ್ತದೆ, ಹುಡುಕಿದರಷ್ಟೇ ಕಾಣುತ್ತದೆ.

ನೀಲಿ ಬಣ್ಣ ಬೇಕೇಬೇಕೆಂದರೆ ಗದ್ದೆಯಲ್ಲಿ ಕಳೆಯೆಂದು ಕಿತ್ತೆಸೆಯುವ ಮೊನೊಕೋರಿಯಾ ಗಿಡವನ್ನು ಒಮ್ಮೆ ಹತ್ತಿರದಿಂದ ನೋಡಿ. ಹೃದಯದಾಕಾರದ ಹೊಳೆಯುವ ಎಲೆಯ ನಡುವೆ ಅಚ್ಚ ನೀಲಿಯ ಹೂಗೊಂಚಲು ಬಿಡುವ ಈ ಗಿಡ ನಮ್ಮ ಕೆಸರಿನದೇ. ಬಜೆಯ ಮುಂದೆ, ನೀರು ನಾಲ್ಕು ಬೆರಳು ನಿಲ್ಲುವಲ್ಲಿ ಇದನ್ನು ನೆಟ್ಟು, ಕೊಳದ ನಡುವೆ ನೈದಿಲೆ ಬಿಟ್ಟರೆ, ಅಂಚಿನ ಒದ್ದೆ ಮಣ್ಣಿನಲ್ಲಿ ಒಂದೆಲಗ ತಾನಾಗಿ ಹಬ್ಬುತ್ತದೆ. ಬಿಳಿ ಹೂವಿನ, ಸಂಜೆ ಕಂಪು ಬೀರುವ ಹೊಳೆದಂಡೆಯ ಕ್ರೈನಮ್ ಗೆಡ್ಡೆಯೂ ಈ ಜಾಗಕ್ಕೆ ಒಪ್ಪುತ್ತದೆ. ಯಾವುದನ್ನೂ ಕಾಡಿನ ಹಳ್ಳದಿಂದ ಕಿತ್ತು ತರಬೇಡಿ. ನರ್ಸರಿಯಿಂದಲೋ, ಬೆಳೆಯುವವರಿಂದಲೋ ಪಡೆಯಿರಿ. ತುಮಕೂರು ಜಿಲ್ಲೆಯ ಕೊರಟಗೆರೆ ಭಾಗದಲ್ಲಿ ಬಜೆಯನ್ನು ಗದ್ದೆಯ ಬೆಳೆಯಾಗಿಯೇ ಬೆಳೆಯುವುದರಿಂದ ನಾಟಿಯ ಗೆಡ್ಡೆಗೆ ಕೊರತೆಯಿಲ್ಲ.

ನೆಡುವ ಕ್ರಮ ಕಷ್ಟದ್ದಲ್ಲ. ಕೊಳದ ಅಂಚು ಕಡಿದಾಗಿದ್ದರೆ ಒಂದು ಬದಿಯನ್ನಾದರೂ ಇಳಿಜಾರಾಗಿ ಕಡಿದು, ಅಡಿಯಷ್ಟು ಅಗಲದ ಮೆಟ್ಟಿಲು ಮಾಡಿ, ಅದರ ಮೇಲೆ ಗದ್ದೆಯ ಜಿಗುಟು ಮಣ್ಣನ್ನು ಹರಡಿ. ಮುಂಗಾರು ಹಿಡಿದ ಮೇಲೆ, ಜೂನ್ ಅಥವಾ ಜುಲೈ ತಿಂಗಳಲ್ಲಿ, ಮೊಳಕೆಯಿರುವ ಗೆಡ್ಡೆಯ ತುಂಡುಗಳನ್ನು ಒಂದಡಿ ಅಂತರದಲ್ಲಿ ಅಡ್ಡಡ್ಡಲಾಗಿ ಹೂತು, ಮೊಳಕೆ ಮಣ್ಣಿನ ಮೇಲೆ ಕಾಣುವಂತೆ ಬಿಡಿ. ಬೇರು ಹಿಡಿಯುವವರೆಗೆ ಮಣ್ಣು ಕೆಸರಾಗಿದ್ದರೆ ಸಾಕು, ಆಮೇಲೆ ಎರಡು ಮೂರು ಅಂಗುಲ ನೀರು ನಿಂತರೂ ತೊಂದರೆಯಿಲ್ಲ. ಹಸಿ ಸಗಣಿ ಗೊಬ್ಬರ ಹಾಕಿದರೆ ನೀರು ಪಾಚಿಗಟ್ಟುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಗೆಡ್ಡೆಗಳನ್ನು ಬಿಡಿಸಿ ಮರುನಾಟಿ ಮಾಡಿ. ಮೇಲಿನ ನೆರಳು ಹೆಚ್ಚಾಗಿದ್ದರೆ ಮರಗಸಿ (ತೋಟದ ನೆರಳು ಮರಗಳ ಕೊಂಬೆ ಸವರುವ ಕೆಲಸ) ಮಾಡುವಾಗ ಕೊಳದ ಮೇಲಿನ ಕೊಂಬೆಗಳನ್ನೂ ಬಿಡಿಸಿ.

ಕಾಫಿ ತೋಟದ ಕೊಳವಾದ್ದರಿಂದ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಮುಂಗಾರಿಗೆ ಮುಂಚೆ ಶಿಲೀಂಧ್ರ ರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆದ ಪಂಪು, ಪೀಪಾಯಿಗಳನ್ನು ಕೊಳದಲ್ಲಿ ತೊಳೆಯಲು ಬಿಡಬೇಡಿ. ಅದರಲ್ಲಿರುವ ತಾಮ್ರ ಮೀನು, ಕಪ್ಪೆಮರಿಗಳಿಗೆ ವಿಷ. ಕೊಳದಂಚಿನಲ್ಲಿ ನೆಟ್ಟಗಿನ ಎಲೆಯ ಗಿಡ ಬೇಕೆನ್ನುವುದು ಅಂದಕ್ಕಷ್ಟೇ ಅಲ್ಲ. ನೀರಿನೊಳಗೆ ಬೆಳೆದ ಏರೋಪ್ಲೇನ್ ಚಿಟ್ಟೆಯ ಮರಿ ಇಂಥ ಎಲೆಯನ್ನು ಹತ್ತಿ ಬಂದು, ಮೈಯ ಪೊರೆ ಕಳಚಿ, ರೆಕ್ಕೆ ಒಣಗಿಸಿಕೊಂಡು ಹಾರುತ್ತದೆ. ಒಂದು ಮುಂಜಾನೆ ನಿಮ್ಮ ಬಜೆಯ ಎಲೆಯ ತುದಿಯಲ್ಲಿ ಆ ಒಣಪೊರೆ ಅಂಟಿಕೊಂಡಿರುವುದನ್ನು ನೀವು ಕಾಣುವಿರಿ. ನೀರು ವಿಷವಾದರೆ ಮರಿಗಳೇ ಉಳಿಯುವುದಿಲ್ಲ.

ಪ್ರಶ್ನೆ: ಹಾಸನ ನಗರದ ನಮ್ಮ ಮನೆಯಂಗಳದ ಸಿಮೆಂಟ್ ತೊಟ್ಟಿಯಲ್ಲಿ ನರ್ಸರಿಯಿಂದ ತಂದ ಹಳದಿ ನೀರು ಐರಿಸ್ ನೆಟ್ಟು ಎರಡು ವರ್ಷಗಳಾದವು. ಎಲೆ ಸೊಂಪಾಗಿದೆ, ಒಂದು ಹೂವನ್ನೂ ಕಂಡಿಲ್ಲ. ಇನ್ನೂ ಕಾಯಬೇಕೇ?

ಉತ್ತರ: ಕಾಯಬೇಡಿ, ತೆಗೆದುಬಿಡಿ. ನೆರಳು, ಹೆಚ್ಚಾದ ಸಾರಜನಕ ಗೊಬ್ಬರ, ಒತ್ತೊತ್ತಾದ ಗೆಡ್ಡೆ ಇವೆಲ್ಲ ಹೂ ಬಿಡದಿರಲು ಕಾರಣಗಳಾಗಬಹುದು. ಆದರೆ ಚಳಿಯ ಕೊರತೆಯನ್ನು ನೀವು ತುಂಬಿಕೊಡಲಾರಿರಿ. ಹೂ ಬಿಡದಿದ್ದರೂ ಈ ಗಿಡ ಹರಡುವುದನ್ನು ನಿಲ್ಲಿಸುವುದಿಲ್ಲ ಎಂಬುದನ್ನು ನಾನು ನೋವಿನಿಂದ ಕಲಿತಿದ್ದೇನೆ. ಹಲವು ವರ್ಷಗಳ ಹಿಂದೆ ಸಕಲೇಶಪುರದ ಕಡೆಯ ನಮ್ಮ ಕೊಳದಂಚಿನಲ್ಲಿ ನಾನೇ ಇದನ್ನು ನೆಟ್ಟಿದ್ದೆ. ಮೂರನೆಯ ಮಳೆಗಾಲದಲ್ಲಿ ಕೋಡಿಯ ನೀರು ಅಂಚಿನ ಮಣ್ಣನ್ನು ಕೊಚ್ಚಿದಾಗ ಗೆಡ್ಡೆಯ ತುಂಡುಗಳು ಕೆಳಗಿನ ಗದ್ದೆಯ ಕಾಲುವೆಗೆ ಹೋಗಿ ಬೇರೂರಿದವು. ಪಕ್ಕದ ಗದ್ದೆಯವರ ಬಳಿ ತಪ್ಪೊಪ್ಪಿಕೊಂಡು, ಆಳುಗಳೊಡನೆ ಎರಡು ಬೇಸಿಗೆ ಅಗೆದು ತೆಗೆಯಬೇಕಾಯಿತು. ಯುರೋಪಿನಲ್ಲಿ ಇದು ನಾಡಗಿಡ, ಜೇನಿಗೂ ಹುಳುಗಳಿಗೂ ಆಸರೆ. ಉತ್ತರ ಅಮೆರಿಕ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳಲ್ಲಿ ಇದೇ ಗಿಡ ತೇಲುವ ಬೀಜಗಳಿಂದಲೂ ಗೆಡ್ಡೆಗಳಿಂದಲೂ ಹಬ್ಬಿ, ಅಲ್ಲಿನ ಜೌಗು ಗಿಡಗಳನ್ನು ಹೊರದೂಡಿದೆ. ದಕ್ಷಿಣ ಅಮೆರಿಕದಿಂದ ಬಂದ ಜಲಕಳೆ ನಮ್ಮ ಕೆರೆಗಳನ್ನು ಮುಚ್ಚಿಹಾಕಿರುವುದನ್ನು ದಿನವೂ ನೋಡುವ ನಾವು ಇನ್ನೊಂದಕ್ಕೆ ದಾರಿ ಮಾಡಿಕೊಡಬಾರದು. ಹಾಸನದ ಚರಂಡಿಯ ನೀರೂ ಯಾವುದೋ ಕೆರೆಗೇ ಸೇರುತ್ತದೆ.

ತೆಗೆಯುವಾಗ ಕೈಗೆ ಗ್ಲೌಸ್ ಹಾಕಿಕೊಳ್ಳಿ, ಅದರ ರಸ ಚರ್ಮಕ್ಕೆ ಉರಿ ತರುತ್ತದೆ. ಎಲೆಯೂ ಗೆಡ್ಡೆಯೂ ದನಗಳಿಗೆ ವಿಷವಾದ್ದರಿಂದ ಬೀದಿಬದಿಯಲ್ಲಿ ರಾಶಿ ಹಾಕಬೇಡಿ. ಒಣಗಿದಂತೆ ಕಂಡ ಗೆಡ್ಡೆ ತಿಂಗಳುಗಳ ನಂತರ ನೀರು ತಗುಲಿದರೂ ಚಿಗುರಬಲ್ಲದು. ಆದ್ದರಿಂದ ಗೊಬ್ಬರದ ಗುಂಡಿಗೂ ಹಾಕದೆ, ಚೆನ್ನಾಗಿ ಒಣಗಿಸಿ ಸುಟ್ಟುಬಿಡುವುದೇ ಕ್ಷೇಮ.

ಐರಿಸ್ ಹೂವನ್ನೇ ನೋಡುವ ಹಂಬಲವಿದ್ದರೆ, ಹೊರಗೆ ನೀರು ಹೋಗದ ನಿಮ್ಮಂಥ ತೊಟ್ಟಿಯಲ್ಲಿ ಲೂಸಿಯಾನ ಐರಿಸ್ ಎಂಬ ಗುಂಪಿನ ಗಿಡವನ್ನು ಕುಂಡದಲ್ಲಿ ಪ್ರಯತ್ನಿಸಬಹುದು. ಅಮೆರಿಕದ ದಕ್ಷಿಣ ಕರಾವಳಿಯ ಸೆಕೆಯ ಜೌಗುಗಳಿಂದ ಬಂದ ಕಾರಣ ಇವು ಬೆಚ್ಚನೆಯ ಹವೆಗೆ ಉಳಿದವುಗಳಿಗಿಂತ ಹೊಂದಿಕೊಳ್ಳುತ್ತವೆ. ತೂತಿಲ್ಲದ ಅಗಲ ಕುಂಡ, ಕೆರೆಯ ಹೂಳುಮಣ್ಣು, ಮೇಲೆ ಒಂದು ಪದರ ಸಣ್ಣ ಜಲ್ಲಿ, ಕುಂಡದ ಬಾಯಿಯ ಮೇಲೆ ಎರಡು ಅಂಗುಲ ನೀರು, ದಿನಕ್ಕೆ ಆರು ಗಂಟೆ ಬಿಸಿಲು ಇಷ್ಟು ಬೇಕು. ತೊಟ್ಟಿ ಹೊಸದಾಗಿದ್ದರೆ ನೀರು ತುಂಬಿಸಿ ಚೆಲ್ಲುವುದನ್ನು ಕೆಲವು ವಾರ ಮಾಡಿ, ಸಿಮೆಂಟಿನ ಸುಣ್ಣದ ಅಂಶ ಕಳೆಯಿರಿ; ಈ ಗಿಡಗಳಿಗೆ ಸ್ವಲ್ಪ ಹುಳಿಗುಣದ ಮಣ್ಣೇ ಹಿತ. ಹೂ ಬಾಡಿದ ಕೂಡಲೇ ಕಾಯಿ ಕಟ್ಟುವ ಮೊದಲು ಕಾಂಡವನ್ನು ಕತ್ತರಿಸಿ. ಕೇಸರಿ, ಗ್ಲ್ಯಾಡಿಯೋಲಸ್‌ಗಳ ಕುಟುಂಬಕ್ಕೇ ಸೇರಿದ ಈ ಹೂವಿನ ರಚನೆ ನೋಡುವಂಥದ್ದು: ಹೊರಗಿನ ಮೂರು ದಳಗಳು ದುಂಬಿಗೆ ಇಳಿಯುವ ಜಗಲಿಯಂತೆ ಬಾಗಿರುತ್ತವೆ, ಒಳಗಿನ ಮೂರು ಮೇಲೆದ್ದು ನಿಲ್ಲುತ್ತವೆ.

ಪ್ರಶ್ನೆ: ಕಡೂರು ತಾಲ್ಲೂಕಿನ ನಮ್ಮ ಜಮೀನಿನಲ್ಲಿ ಪ್ಲಾಸ್ಟಿಕ್ ಹಾಳೆ ಹೊದಿಸಿದ ಕೃಷಿಹೊಂಡವಿದ್ದು, ಫೆಬ್ರುವರಿಯ ಹೊತ್ತಿಗೆ ಒಣಗುತ್ತದೆ. ಅದರ ಅಂಚಿಗೆ ಬಜೆ ಅಥವಾ ಐರಿಸ್ ಬೆಳೆಯಬಹುದೇ?

ಉತ್ತರ: ಎರಡೂ ಬೇಡ. ಬಜೆಗೆ ವರ್ಷವಿಡೀ ಒದ್ದೆ ಮಣ್ಣು ಬೇಕು, ನಾಲ್ಕು ತಿಂಗಳ ಬರವನ್ನು ಅದು ತಾಳುವುದಿಲ್ಲ. ಹಾಳೆಯ ಒಳಬದಿಯಲ್ಲಿ ಮಣ್ಣು ಹಾಕಿ ಯಾವ ಗೆಡ್ಡೆಗಿಡ ನೆಟ್ಟರೂ ಹಾಳೆಗೆ ಅಪಾಯ. ಹೊಂಡದ ಏರಿಯ ಹೊರಮೈಯಲ್ಲಿ, ಹಾಳೆಯ ಅಂಚಿನಿಂದ ದೂರವಾಗಿ, ಸಾಲಾಗಿ ಲಾವಂಚ ನೆಡಿ. ಅದರ ಬೇರು ಅಡ್ಡಕ್ಕೆ ಹಬ್ಬದೆ ನೇರವಾಗಿ ಆಳಕ್ಕಿಳಿಯುವುದರಿಂದ ಏರಿಯ ಮಣ್ಣನ್ನು ಹಿಡಿದಿಡುತ್ತದೆ, ಬೇಸಿಗೆಯನ್ನೂ ತಡೆದುಕೊಳ್ಳುತ್ತದೆ. ಮಳೆ ಶುರುವಾದಾಗ ಗೇಣಿಗೊಂದರಂತೆ ಬುಡಗಳನ್ನು ನೆಟ್ಟು, ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಕೊಡಿ. ಎರಡನೆಯ ವರ್ಷದಿಂದ ಮಳೆಗಾಲದ ಕೊನೆಗೊಮ್ಮೆ ಮೊಣಕಾಲೆತ್ತರಕ್ಕೆ ಕೊಯ್ದರೆ ಸಾಕು.