ಶಿಯಾನ್‌ನಲ್ಲಿ ಒಂದೇ ದಿನ ಸಿಕ್ಕರೆ ಗೈಡ್ ಇಟ್ಟುಕೊಳ್ಳಬೇಕೇ? ಏನೇನು ನೋಡಬಹುದು?

ಚೀನಾದ ಶಿಯಾನ್‌ನಲ್ಲಿ ನಿಮಗೆ ಪೂರ್ತಿ ಒಂದು ದಿನ ಇದೆ, ಜೊತೆಗೆ ವಯಸ್ಸಾದ ಅಪ್ಪ ಅಮ್ಮ ಇರುತ್ತಾರೆ, ಮೂವರೂ ಸಸ್ಯಾಹಾರಿಗಳು. ಆರು ಜಾಗ ತೋರಿಸುವ ಬಸ್ ಟೂರ್ ಹಿಡಿಯುವುದೋ, ಸ್ವಂತ ಗೈಡ್ ಇಟ್ಟುಕೊಳ್ಳುವುದೋ ಎಂದು ಕೇಳಿದ್ದೀರಿ. ಗೈಡ್ ಇಟ್ಟುಕೊಳ್ಳಿ, ಆದರೆ ಅರ್ಧ ದಿನಕ್ಕೆ ಮಾತ್ರ, ಅದೂ ಟೆರಾಕೋಟಾ ಸೈನಿಕರ, ಅಂದರೆ ಚೀನಾದ ಮೊದಲ ಚಕ್ರವರ್ತಿಯ ಸಮಾಧಿಯ ಬಳಿ ಹೂಳಿದ್ದ ಸುಟ್ಟ ಮಣ್ಣಿನ ಸೈನಿಕರ ಮ್ಯೂಸಿಯಂಗೆ. ಮಧ್ಯಾಹ್ನದ ಮೇಲೆ ಊರನ್ನು ನೀವೇ ಸುತ್ತಬಹುದು. ಆರು ಜಾಗ ಬೇಡ, ಮೂರು ಸಾಕು.

ಬಸ್ ಟೂರ್ ಅಗ್ಗವಾಗಿ ಕಾಣುವುದು ಅಂಗಡಿಗಳ ಕಮಿಷನ್‌ನಿಂದ. ದಾರಿಯಲ್ಲಿ ಹಸಿರುಕಲ್ಲಿನ ಆಭರಣದ ಮಳಿಗೆ, ರೇಷ್ಮೆ ರಜಾಯಿ ಅಂಗಡಿ, ಮಣ್ಣಿನ ಗೊಂಬೆ ಮಾಡುವ ‘ಕಾರ್ಖಾನೆ’ ಎಂದು ನಿಲ್ಲಿಸುತ್ತಾ ಹೋದರೆ ಬೆಳಗಿನ ಒಳ್ಳೆಯ ಹೊತ್ತೆಲ್ಲ ಅಲ್ಲೇ ಕಳೆಯುತ್ತದೆ. ಮ್ಯೂಸಿಯಂ ತಲುಪುವಾಗ ಹತ್ತೂವರೆ, ಹನ್ನೊಂದು ಗಂಟೆ, ಜನ ಕಿಕ್ಕಿರಿದಿರುತ್ತಾರೆ. ಇನ್ನೊಂದು ಎಚ್ಚರಿಕೆ: ಟೂರ್ ಪಟ್ಟಿಯಲ್ಲಿ ‘ಚಕ್ರವರ್ತಿಯ ನೆಲಮಾಳಿಗೆಯ ಅರಮನೆ’ ಎಂದಿದ್ದರೆ ಅದು ಈಚೆಗೆ ಕಟ್ಟಿದ ನಕಲು. ಆ ಮೊದಲ ಚಕ್ರವರ್ತಿ ಚಿನ್ ಶಿ ಹುವಾಂಗ್‌ನ ಸಮಾಧಿಯನ್ನು ಇವತ್ತಿನವರೆಗೂ ಯಾರೂ ತೆರೆದಿಲ್ಲ. ಅದರ ಮೇಲಿನ ದಿಬ್ಬದ ಮಣ್ಣಿನಲ್ಲಿ ಪಾದರಸದ ಅಂಶ ಹೆಚ್ಚಿರುವುದನ್ನು ಅಳೆದು ನೋಡಿದ್ದಾರೆ, ಅಷ್ಟೇ.

ಗೈಡ್ ಗೊತ್ತುಮಾಡುವಾಗ ನಾಲ್ಕು ವಿಷಯ ಮೆಸೇಜಿನಲ್ಲಿ ಬರೆಸಿಕೊಳ್ಳಿ: ಅಂಗಡಿಗೆ ಕರೆದೊಯ್ಯುವುದಿಲ್ಲ, ಟಿಕೆಟ್ ದುಡ್ಡು ಸೇರಿದೆಯೋ ಇಲ್ಲವೋ, ಕಾರು ಸೇರಿದೆಯೋ ಇಲ್ಲವೋ, ಒಳಗೆ ಎಷ್ಟು ಹೊತ್ತು ಜೊತೆಗಿರುತ್ತಾರೆ. ಲೈಸೆನ್ಸ್ ಇರುವ ಗೈಡ್ ಬಳಿ ಫೋಟೋ ಇರುವ ಕಾರ್ಡ್ ಇರುತ್ತದೆ. ಗೇಟಿನ ಹೊರಗೆ ‘ಗೈಡ್, ಗೈಡ್’ ಎಂದು ಬೆನ್ನು ಹತ್ತುವವರನ್ನು ಬಿಡಿ.

ಮ್ಯೂಸಿಯಂ ಟಿಕೆಟ್ 120 ಯುವಾನ್. ಮುಂಗಡ ಬುಕಿಂಗ್ ಪಾಸ್‌ಪೋರ್ಟ್ ಸಂಖ್ಯೆಯ ಮೇಲೆ ಆಗುತ್ತದೆ, ಹೆಸರು ಮತ್ತು ಸಂಖ್ಯೆಯಲ್ಲಿ ಒಂದಕ್ಷರವೂ ತಪ್ಪಬಾರದು. ನಮ್ಮಲ್ಲಿ ಅನೇಕರ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುತ್ತದೆ, ಫಾರ್ಮು ಅದನ್ನೇ ಕೇಳಿ ಮುಂದಕ್ಕೆ ಹೋಗಲು ಬಿಡುವುದಿಲ್ಲ. ಹಾಗಾದರೆ ಪಾಸ್‌ಪೋರ್ಟಿನ ಫೋಟೋ ಕಳಿಸಿ ಗೈಡ್ ಕೈಯಲ್ಲೇ ಬುಕ್ ಮಾಡಿಸಿ. ಒಳಗೆ ಹೋಗುವಾಗ ಮೂಲ ಪಾಸ್‌ಪೋರ್ಟ್ ಕೈಯಲ್ಲಿರಬೇಕು, ಜೆರಾಕ್ಸ್ ನಡೆಯುವುದಿಲ್ಲ. 65 ದಾಟಿದವರಿಗೆ ಅನೇಕ ಕಡೆ ರಿಯಾಯಿತಿ ಇದೆ, ಅಪ್ಪ ಅಮ್ಮನ ವಯಸ್ಸನ್ನು ಬುಕ್ ಮಾಡುವಾಗಲೇ ಹೇಳಿ. ಅಕ್ಟೋಬರ್ 1ರಿಂದ ಶುರುವಾಗುವ ರಜಾ ವಾರ ಮತ್ತು ಮೇ ಮೊದಲ ವಾರವಾದರೆ, ಸಾಧ್ಯವಿದ್ದಷ್ಟೂ ದಿನಾಂಕ ಬದಲಿಸಿಕೊಳ್ಳಿ.

ಮ್ಯೂಸಿಯಂ ಇರುವುದು ಊರಿಂದ ಪೂರ್ವಕ್ಕೆ, ಲಿಂಟಾಂಗ್‌ನಲ್ಲಿ, 35–40 ಕಿಲೋಮೀಟರ್ ದೂರ. ಮೆಟ್ರೊದಲ್ಲಿ ಹೋಗುವುದಾದರೆ 1ನೇ ಲೈನ್‌ನಲ್ಲಿ ಫಾಂಗ್‌ಜಿಚೆಂಗ್, ಅಲ್ಲಿ 9ನೇ ಲೈನಿಗೆ ಬದಲಿಸಿ ಹುವಾಚಿಂಗ್‌ಚಿ, ಆಮೇಲೆ ಸಿಟಿ ಬಸ್. ಅಗ್ಗ, ಆದರೆ ಹಿರಿಯರಿಗೆ ಇಷ್ಟೊಂದು ಹತ್ತಿ ಇಳಿಯುವ ಕೆಲಸ ಬೆಳಗ್ಗೆಯೇ ಬೇಡ. ಮೂರು ಜನ ಇದ್ದೀರಿ, ಚೀನಾದ ಪಾವತಿ ಆ್ಯಪ್ ಅಲಿಪೇಯೊಳಗೇ ಇರುವ ‘ದೀದಿ’ ಎಂಬ ಟ್ಯಾಕ್ಸಿ ಸೇವೆಯಲ್ಲಿ ಕಾರು ಕರೆಸಿ. ಬಾಗಿಲು ತೆರೆಯುವುದು ಎಂಟೂವರೆಗೆ, ಹೋಟೆಲ್ ಬಿಡುವುದು ಏಳೂ ಕಾಲಿನೊಳಗೆ. ಅಲಿಪೇಗೆ ವೀಸಾ ಅಥವಾ ಮಾಸ್ಟರ್‌ಕಾರ್ಡ್ ಅನ್ನು ಊರಲ್ಲೇ ಜೋಡಿಸಿಕೊಳ್ಳಿ, ಬ್ಯಾಂಕಿನ ಒಟಿಪಿ ಅಲ್ಲಿ ಬರದಿದ್ದರೆ ಕಷ್ಟ. ಒಂದು ಪಾವತಿ 200 ಯುವಾನ್ ಒಳಗಿದ್ದರೆ ಅವರ ಶುಲ್ಕ ಇಲ್ಲ, ಮೀರಿದರೆ 3%. ಗೂಗಲ್, ವಾಟ್ಸಾಪ್ ಎರಡೂ ಅಲ್ಲಿನ ವೈಫೈನಲ್ಲಿ ತೆರೆಯುವುದಿಲ್ಲ, ನಮ್ಮ ಸಿಮ್ಮಿನ ರೋಮಿಂಗ್‌ನಲ್ಲಿ ತೆರೆಯುತ್ತವೆ.

ಟಿಕೆಟ್ ಗೇಟಿನಿಂದ ಸೈನಿಕರನ್ನು ಅಗೆದು ತೆಗೆದ ಗುಂಡಿಗಳವರೆಗೆ ಸುಮಾರು ಕಾಲು ಗಂಟೆಯ ನಡಿಗೆ. ಬ್ಯಾಟರಿ ಗಾಡಿ ಸಿಗುತ್ತದೆ, ಅಪ್ಪ ಅಮ್ಮನನ್ನು ಅದರಲ್ಲೇ ಕೂರಿಸಿ, ಅವರ ಕಾಲಿನ ಶಕ್ತಿ ಒಳಗೆ ಬೇಕಾಗುತ್ತದೆ.

ಮೂರು ಗುಂಡಿಗಳಲ್ಲಿ ಯಾವುದು ಮೊದಲು ಎಂಬ ಬಗ್ಗೆ ಗೈಡ್‌ಗಳಲ್ಲೇ ಭಿನ್ನಾಭಿಪ್ರಾಯ ಇದೆ. ಚಿಕ್ಕದರಿಂದ ದೊಡ್ಡದಕ್ಕೆ ಹೋದರೆ ಕುತೂಹಲ ಏರುತ್ತದೆ ಎನ್ನುವವರೇ ಬಹಳ. ಆದರೆ ಬಾಗಿಲು ತೆರೆದ ಕೂಡಲೇ ಒಳಗೆ ಹೋಗುವವರಿಗೆ ನನ್ನ ಸಲಹೆ ಒಂದನೇ ಗುಂಡಿಯೇ ಮೊದಲು, ಏಕೆಂದರೆ ಒಂದು ಗಂಟೆ ಕಳೆದರೆ ಅಲ್ಲಿ ಕಂಬಿ ಹಿಡಿದು ನಿಲ್ಲಲೂ ಜಾಗ ಇರುವುದಿಲ್ಲ. ಅದು 230 ಮೀಟರ್ ಉದ್ದ, 62 ಮೀಟರ್ ಅಗಲ. ಎಲ್ಲರೂ ಮುಂದಿನ ಕಟಕಟೆಯಲ್ಲಿ ಫೋಟೋಗಾಗಿ ನುಗ್ಗಾಡುತ್ತಾರೆ. ನೀವು ಎರಡು ನಿಮಿಷ ನಿಂತು ಪಕ್ಕದ ದಾರಿಗೆ ಬಂದುಬಿಡಿ. 1974ರ ಮಾರ್ಚ್‌ನಲ್ಲಿ ರೈತರು ಬಾವಿ ತೋಡುವಾಗ ಸಿಕ್ಕ ಸೈನ್ಯ ಇದು, ಆ ಬಾವಿಯ ಜಾಗಕ್ಕೆ ಗುಂಡಿಯ ಮುಂಭಾಗದಲ್ಲಿ ಗುರುತು ಹಾಕಿದ್ದಾರೆ. ಗೈಡ್‌ಗೆ ಹೇಳಿ ತೋರಿಸಿಕೊಳ್ಳಿ.

ಪಕ್ಕದಿಂದ ನೋಡುವಾಗ ಸೈನಿಕರ ಸಾಲುಗಳ ನಡುವಿನ ಮಣ್ಣಿನ ದಿಣ್ಣೆಗಳನ್ನು ಗಮನಿಸಿ. ಅವುಗಳ ಮೇಲ್ಮೈ ಅಲೆ ಅಲೆಯಾಗಿದೆ. ಅಲ್ಲಿ ಒತ್ತೊತ್ತಾಗಿ ಮರದ ದಿಮ್ಮಿ ಹಾಸಿ, ಮೇಲೆ ಚಾಪೆ, ಅದರ ಮೇಲೆ ಮಣ್ಣು ಹಾಕಿದ್ದರು. ಮರ ಹೋಗಿದೆ, ಅದರ ಅಚ್ಚು ಉಳಿದಿದೆ. ಆ ಮಾಡು ಸುಟ್ಟು ಕುಸಿದದ್ದರಿಂದಲೇ ಸೈನಿಕರು ಚೂರುಚೂರಾಗಿದ್ದು. ಈಗ ನಿಂತಿರುವ ಒಬ್ಬೊಬ್ಬನೂ ಚೂರು ಜೋಡಿಸಿ ಎಬ್ಬಿಸಿದವನು. ಗುಂಡಿಯ ಹಿಂಭಾಗಕ್ಕೆ ಹೋದರೆ ಅರ್ಧ ಜೋಡಿಸಿದ, ಪಟ್ಟಿ ಕಟ್ಟಿ ನಿಲ್ಲಿಸಿದ ಸೈನಿಕರನ್ನೂ ನೋಡಬಹುದು. ಒಟ್ಟು ಸುಮಾರು 8,000 ಎಂಬುದು ಅಂದಾಜು, ಹೆಚ್ಚಿನವರು ಇನ್ನೂ ಮಣ್ಣಿನಡಿ ಇದ್ದಾರೆ. ಏಕೆ ಅಗೆಯುವುದಿಲ್ಲ ಎಂದು ಎಲ್ಲರೂ ಕೇಳುತ್ತಾರೆ. ಇವರೆಲ್ಲ ಬಣ್ಣದ ಗೊಂಬೆಗಳು, ಬಣ್ಣದ ಕೆಳಗೆ ಅರಗಿನಂಥ ಮರದಂಟಿನ ಲೇಪವಿತ್ತು. ಒದ್ದೆ ಮಣ್ಣಿನಿಂದ ಒಣ ಗಾಳಿಗೆ ಬಂದ ಕೆಲವೇ ನಿಮಿಷಗಳಲ್ಲಿ ಆ ಲೇಪ ಸುರುಳಿಯಾಗಿ, ಬಣ್ಣವನ್ನೂ ಹೊತ್ತುಕೊಂಡು ಉದುರುತ್ತದೆ. ಅದನ್ನು ಉಳಿಸಿಕೊಳ್ಳುವ ಭರವಸೆ ಇಲ್ಲದೆ ಆತುರಪಡುವುದು ಬೇಡ ಎಂಬುದು ಒಳ್ಳೆಯ ತೀರ್ಮಾನ.

ಆಮೇಲೆ ಮೂರನೆಯ ಗುಂಡಿ, ಅದು ಚಿಕ್ಕದು, ದಳಪತಿಗಳ ಠಾಣೆ ಎನ್ನುತ್ತಾರೆ. ಹತ್ತು ನಿಮಿಷ ಸಾಕು. ಎರಡನೆಯದರಲ್ಲಿ ಬಹುಪಾಲು ಅಗೆದೇ ಇಲ್ಲ, ಆದರೆ ಗಾಜಿನ ಪೆಟ್ಟಿಗೆಗಳಲ್ಲಿ ಕೆಲವು ಗೊಂಬೆಗಳನ್ನು ಮೊಳದ ದೂರದಿಂದ ನೋಡಬಹುದು. ಮಂಡಿಯೂರಿದ ಬಿಲ್ಲುಗಾರನ ಹಿಂಬದಿಗೆ ಹೋಗಿ ಅವನ ಮೇಲೆದ್ದ ಹಿಮ್ಮಡಿ ನೋಡಿ. ಅಟ್ಟೆಯ ಮೇಲೆ ಹೊಲಿಗೆಯ ಚುಕ್ಕಿಗಳಿವೆ: ಬೆರಳಿನ ಕಡೆಯೂ ಹಿಮ್ಮಡಿಯ ಕಡೆಯೂ ಒತ್ತಾಗಿ, ನಡುವೆ ವಿರಳವಾಗಿ. ಸವೆಯುವ ಕಡೆ ಹೆಚ್ಚು ಹೊಲಿಗೆ! ಯಾರ ಕಣ್ಣಿಗೂ ಬೀಳದಂತೆ ಹೂಳುವುದಕ್ಕೆಂದೇ ಮಾಡಿದ ಗೊಂಬೆಯ ಅಂಗಾಲಿಗೂ ಇಷ್ಟು ನಿಗಾ. ಗೈಡ್ ಇಲ್ಲದೆ ಬಂದವರು ಈ ಪೆಟ್ಟಿಗೆಯ ಮುಂಭಾಗವನ್ನಷ್ಟೇ ನೋಡಿ ಹೊರಟುಬಿಡುತ್ತಾರೆ, ಗೈಡ್ ಬೇಕು ಎಂದದ್ದು ಇದಕ್ಕೇ.

1980ರಲ್ಲಿ ಸಿಕ್ಕ ಎರಡು ಕಂಚಿನ ರಥಗಳು ಈಗ ಇಲ್ಲಿಲ್ಲ, 2021ರಿಂದ ಸಮಾಧಿ ದಿಬ್ಬದ ಬಳಿಯ ಬೇರೆ ಮ್ಯೂಸಿಯಂನಲ್ಲಿವೆ. ಅದೇ ಟಿಕೆಟ್ ಸಾಕು, ಉಚಿತ ಬಸ್ ಇದೆ, ಆದರೆ ಒಂದೂವರೆ ಗಂಟೆ ಬೇಕು. ಅಪ್ಪ ಅಮ್ಮ ದಣಿಯದಿದ್ದರೆ ಹೋಗಿ, ರಥದ ಕೆಲಸ ಬಹಳ ಸೂಕ್ಷ್ಮ. ದಣಿದಿದ್ದರೆ ಬಿಡಿ. ಹತ್ತಿರದ ಹುವಾಚಿಂಗ್ ಅರಮನೆಯನ್ನಂತೂ ಈ ದಿನಕ್ಕೆ ಸೇರಿಸಲೇಬೇಡಿ.

ಊಟ ಮ್ಯೂಸಿಯಂ ಹೊರಗಿನ ಹೋಟೆಲ್‌ಗಳಲ್ಲಿ ಬೇಡ. ಬ್ಯಾಗಿನಲ್ಲಿ ಚಪಾತಿ, ಚಟ್ನಿಪುಡಿ, ಹಣ್ಣು ಇಟ್ಟುಕೊಂಡು, ಊಟಕ್ಕೆ ಊರಿಗೇ ಬನ್ನಿ. ಶಿಯಾನ್ ಗೋಧಿಯ ನಾಡು, ಸಸ್ಯಾಹಾರಿಗಳಿಗೆ ದಾರಿ ಇದೆ. ಲಿಯಾಂಗ್‌ಪಿ ಎಂದರೆ ತಣ್ಣನೆಯ ಅಗಲ ಶಾವಿಗೆ, ವಿನೆಗರ್, ಖಾರದೆಣ್ಣೆ, ಸೌತೆಕಾಯಿ. ಯೌಪೊ ಮಿಯೆನ್ ಎಂದರೆ ಬೇಯಿಸಿದ ಅಗಲ ನೂಡಲ್ಸ್ ಮೇಲೆ ಮೆಣಸಿನಪುಡಿ ಹಾಕಿ, ಹೊಗೆಯಾಡುವ ಎಣ್ಣೆ ಚುರ್ ಎಂದು ಸುರಿಯುವುದು, ನಮ್ಮ ಒಗ್ಗರಣೆಯ ಹಾಗೆಯೇ. ಎಡವಟ್ಟಾಗುವುದು ಇಲ್ಲಿ: ‘ಬಿಯಾಂಗ್ ಬಿಯಾಂಗ್’ ನೂಡಲ್ಸ್ ಕೇಳಿದರೆ ಮೂರು ಬಗೆಯ ಮೇಲೋಗರ ಒಟ್ಟಿಗೆ ಹಾಕಿ ಕೊಡುವುದುಂಟು, ಅದರಲ್ಲಿ ಮಾಂಸ, ಮೊಟ್ಟೆ ಎರಡೂ ಇರುತ್ತವೆ. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ತುಂಡು ತೆಗೆದು ಅದೇ ಮಾಂಸದ ಸಾರು ಬಡಿಸುತ್ತಾರೆ. ಹಾಗಾಗಿ ‘ಮಾಂಸ, ಮೀನು, ಮೊಟ್ಟೆ, ಮೂಳೆಯ ಸಾರು, ಪ್ರಾಣಿಕೊಬ್ಬು ಯಾವುದೂ ಬೇಡ’ ಎಂದು ಗೈಡ್ ಕೈಯಲ್ಲಿ ಚೀನಿ ಭಾಷೆಯಲ್ಲಿ ಬರೆಸಿಕೊಂಡು ಫೋನಿನಲ್ಲಿಟ್ಟುಕೊಳ್ಳಿ. ಗೈಡ್ ಹೊರಡುವ ಮುಂಚೆ ಮಾಡಿಸಬೇಕಾದ ಕೊನೆಯ ಕೆಲಸ ಅದು. ಮುಸ್ಲಿಂ ಬೀದಿಯಲ್ಲಿ ಹಂದಿಮಾಂಸ ಇಲ್ಲ, ಆದರೆ ಕುರಿಮಾಂಸದ ಅಂಗಡಿಗಳು ಒತ್ತೊತ್ತಾಗಿವೆ. ವಾಸನೆ ಸಹಿಸದ ಹಿರಿಯರನ್ನು ಅಲ್ಲಿಗೆ ಕರೆದೊಯ್ಯಬೇಡಿ.

ಹೋಟೆಲ್‌ನಲ್ಲಿ ಒಂದು ಗಂಟೆ ಮಲಗಿ ಎದ್ದು, ನಾಲ್ಕರ ಸುಮಾರಿಗೆ ದಕ್ಷಿಣ ಬಾಗಿಲಿಂದ ಹಳೆ ಊರಿನ ಸುತ್ತಲಿನ ಕೋಟೆಗೋಡೆ ಹತ್ತಿ. ಟಿಕೆಟ್ 54 ಯುವಾನ್. 1370ರ ದಶಕದಲ್ಲಿ ಮಿಂಗ್ ಅರಸರು ಕಟ್ಟಿಸಿದ ಗೋಡೆ, ಸುತ್ತಳತೆ 13.74 ಕಿಲೋಮೀಟರ್, ಎತ್ತರ 12 ಮೀಟರ್, ಮೇಲೆ ರಸ್ತೆಯಷ್ಟು ಅಗಲ. ಬಾಡಿಗೆ ಸೈಕಲ್ ಸಿಗುತ್ತದೆ, ಆದರೆ ಇಟ್ಟಿಗೆ ಹಾಸು ಏರುಪೇರು, ಇಡೀ ಸುತ್ತು ಹೊಡೆದರೆ ಕೈ ಸೊಂಟ ಎರಡೂ ನೋಯುತ್ತವೆ. ಮಳೆ ಬಂದರೆ ಸೈಕಲ್ ಕೊಡುವುದಿಲ್ಲ. ನಿಮ್ಮ ಜೊತೆಯವರಿಗೆ ಪೂರ್ವದ ಕಡೆ ವೆನ್‌ಚಾಂಗ್ ಬಾಗಿಲವರೆಗಿನ ನಿಧಾನದ ನಡಿಗೆಯೇ ಚೆನ್ನ. ಒಳಗಡೆ ಬೂದು ಹೆಂಚಿನ ಮನೆಗಳು, ಹೊರಗಡೆ ಗಾಜಿನ ಗೋಪುರಗಳು, ಎರಡೂ ಒಂದೇ ಜಾಗದಿಂದ ಕಾಣುತ್ತವೆ. ಕೋಟೆಯೊಳಗೆ ಕಟ್ಟಡದ ಎತ್ತರಕ್ಕೆ ಮಿತಿ ಇದೆ. 2011ರಲ್ಲಿ ಶುರುವಾದ ಮೆಟ್ರೊ 2ನೇ ಲೈನಿನ ಸುರಂಗಗಳನ್ನು ಕೂಡ 1384ರ ಗಂಟೆ ಗೋಪುರದ ನೇರ ಕೆಳಗೆ ಕೊರೆಯದೆ, ಕಂಪನ ತಟ್ಟಬಾರದೆಂದು ಎರಡು ಪಕ್ಕಕ್ಕೆ ಬಳಸಿ ಒಯ್ದಿದ್ದಾರೆ. ಹಳೆಯದನ್ನು ಉಳಿಸಿಕೊಂಡು ಹೊಸದು ಕಟ್ಟುವುದು ಹೇಗೆ ಎಂದು ಕಲಿಯಲು ಬೇರೆ ಊರಿನವರು ಇಲ್ಲಿಗೆ ಬರಬೇಕು.

ಸಂಜೆಗೆ ದೊಡ್ಡ ಕಾಡುಬಾತು ಗೋಪುರ, ಮೆಟ್ರೊ ನಿಲ್ದಾಣ ದಯಂಟಾ. ಇದನ್ನು ಕನ್ನಡಿಗರು ಬಿಡಬಾರದು. ಶಾಲೆಯ ಪಾಠದಲ್ಲಿ ಓದಿದ ಹ್ಯುಯೆನ್ ತ್ಸಾಂಗ್ ಭಾರತದಿಂದ 645ರಲ್ಲಿ ತಂದ ಗ್ರಂಥಗಳನ್ನೂ ಮೂರ್ತಿಗಳನ್ನೂ ಇಡಲು 652ರಲ್ಲಿ ಕಟ್ಟಿದ ಗೋಪುರ ಇದು. ಹರ್ಷನಿಗೆ ಬಗ್ಗದ ಇಮ್ಮಡಿ ಪುಲಿಕೇಶಿಯನ್ನೂ ಅವನ ಆನೆಗಳನ್ನೂ ಕುರಿತು ಬರೆದಿಟ್ಟವನು ಇವನೇ. ದಕ್ಷಿಣದ ಚೌಕದಲ್ಲಿ ಅವನ ಕಂಚಿನ ಪ್ರತಿಮೆ ಇದೆ, ಅದನ್ನು ನೋಡಲು ಟಿಕೆಟ್ ಬೇಡ. ಗೋಪುರದೊಳಗಿನ ಮೆಟ್ಟಿಲು ಇಕ್ಕಟ್ಟು, ಹಿರಿಯರು ಹತ್ತುವುದು ಬೇಡ.

ಅಲ್ಲಿಂದ ದಕ್ಷಿಣಕ್ಕೆ, ಟಾಂಗ್ ಅರಸರ ಕಾಲದ ವೇಷ ತೊಟ್ಟವರೂ ದೀಪಗಳೂ ತುಂಬಿದ, ನಡೆದಾಡಲೆಂದೇ ಇರುವ ಬೀದಿ. ಶನಿವಾರ, ಭಾನುವಾರ ವಿಪರೀತ ಜನ. ಅರ್ಧ ಗಂಟೆ ಸುತ್ತಿ ಒಂಬತ್ತಕ್ಕೆ ಮೊದಲೇ ಹೊರಬನ್ನಿ. ಆ ಹೊತ್ತಿಗೆ ಬೀದಿಯ ಬಾಯಲ್ಲಿ ಕಾರು ಕರೆದರೆ ಡ್ರೈವರ್ ಒಳಗೆ ಬರಲಾರ, ನೀವು ಅವನನ್ನು ಹುಡುಕಲಾರಿರಿ. ಮೆಟ್ರೊ ಹಿಡಿಯಿರಿ. ಶಿಯಾನ್ ಮೆಟ್ರೊದಲ್ಲಿ ಒಂದೊಂದು ನಿಲ್ದಾಣಕ್ಕೂ ಒಂದೊಂದು ಚಿತ್ರದ ಗುರುತಿದೆ, ಹೋಟೆಲ್ ಬಳಿಯ ನಿಲ್ದಾಣದ ಚಿತ್ರವನ್ನು ಬೆಳಗ್ಗೆಯೇ ಅಪ್ಪ ಅಮ್ಮನ ಫೋನಿನಲ್ಲೂ ತೆಗೆದಿಡಿ.