ಕಿಟೆಲ್ ಅನ್ನೋ ಅಡ್ಡಹೆಸರು ಎಲ್ಲಿಂದ ಬಂತು?

ನಿಘಂಟಿನ ಕಿಟೆಲ್ ಅವರ ಹೆಸರಿಗೆ ಏನಾದರೂ ಅರ್ಥ ಇದೆಯಾ, ಅದು ಅವರ ಊರಿನ ಹೆಸರಾ ಅಂತ ಕೇಳಿದ್ದೀರಿ. ಊರಿನ ಹೆಸರಲ್ಲ. ಅವರು 1832ರಲ್ಲಿ ಹುಟ್ಟಿದ್ದು ಜರ್ಮನಿಯ ಉತ್ತರ ಕರಾವಳಿಯ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ. ಫರ್ಡಿನಾಂಡ್ ಅವರ ಹೆಸರು, ಕಿಟೆಲ್ ಮನೆತನದ್ದು.

ಕಿಟೆಲ್ ಅಂದರೆ ಒಂದು ಬಟ್ಟೆ. ಕೆಲಸಕ್ಕೆ ಹೋಗುವಾಗ ಬೇರೆ ಬಟ್ಟೆ ಕೊಳೆಯಾಗದಿರಲಿ ಅಂತ ಮೇಲಿಂದ ತೊಡುತ್ತಿದ್ದ ದೊಗಳೆ ಅಂಗಿ. ಈ ಪದ ಇವತ್ತಿಗೂ ಜರ್ಮನಿಯಲ್ಲಿ ದಿನಬಳಕೆಯಲ್ಲಿದೆ, ಡಾಕ್ಟರ್ ಹಾಕುವ ಬಿಳಿ ಕೋಟಿಗೂ ಕಿಟೆಲ್ ಅಂತಲೇ ಹೇಳುತ್ತಾರೆ. ಯಹೂದಿಗಳು ಉಪವಾಸ, ಪ್ರಾಯಶ್ಚಿತ್ತದ ಹಬ್ಬವಾದ ಯೋಮ್ ಕಿಪ್ಪುರ್ ದಿನ ಮತ್ತು ಮದುವೆಯಲ್ಲಿ ತೊಡುವ ಬಿಳಿ ನಿಲುವಂಗಿಗೂ ಇದೇ ಹೆಸರು.

ಸರಿ, ಬಟ್ಟೆಯ ಹೆಸರು ಮನೆತನಕ್ಕೆ ಹೇಗೆ ಬಂತು? ಮೊದಲು ಜರ್ಮನಿಯಲ್ಲಿ ಒಬ್ಬೊಬ್ಬರಿಗೂ ಒಂದೇ ಹೆಸರಿತ್ತು. ಸುಮಾರು 12ನೇ ಶತಮಾನದಿಂದ ಊರು, ಪೇಟೆ ಬೆಳೆದು ಒಂದೇ ಬೀದಿಯಲ್ಲಿ ನಾಲ್ಕೈದು ಜನ ಯೋಹಾನ್‌ಗಳಾದಾಗ, ಯಾವ ಯೋಹಾನ್ ಅಂತ ಗುರುತಿಸೋಕೆ ಅವನ ಕಸುಬನ್ನೋ, ಊರನ್ನೋ, ಅಪ್ಪನ ಹೆಸರನ್ನೋ, ಕಣ್ಣಿಗೆ ಕಾಣುವ ಗುರುತನ್ನೋ ಸೇರಿಸಿ ಕರೆಯತೊಡಗಿದರು, ಆಮೇಲೆ ಅದೇ ಮಕ್ಕಳಿಗೂ ಅಂಟಿಕೊಂಡಿತು. ನಮ್ಮ ಉತ್ತರ ಕರ್ನಾಟಕದ ಮೆಣಸಿನಕಾಯಿ, ಉಳ್ಳಾಗಡ್ಡಿ, ಅಂಗಡಿ ಇದ್ದ ಹಾಗೆ. ಹಾಗಾಗಿ ಕಿಟೆಲ್ ಮನೆತನದ ಮೂಲ ಪುರುಷ ಈ ಅಂಗಿ ಹೊಲಿಯುತ್ತಿದ್ದವನೋ, ಯಾವಾಗಲೂ ಅದನ್ನೇ ಹಾಕಿಕೊಂಡು ಓಡಾಡುತ್ತಿದ್ದವನೋ ಇರಬೇಕು. ನನಗೇನೋ ಎರಡನೆಯದೇ ಜಾಸ್ತಿ ಸರಿ ಅನ್ನಿಸುತ್ತದೆ, ಯಾಕೆಂದರೆ ಹೊಲಿಯುವವನಿಗೆ ಕಿಟ್ಲರ್ ಅನ್ನೋ ಬೇರೆ ಅಡ್ಡಹೆಸರೇ ಇದೆ. ಮಾಂಟೆಲ್ (ಕೋಟು), ಷ್ಟೀಫೆಲ್ (ಬೂಟು), ಹಾಂಡ್‌ಷೂ (ಕೈಗವಸು) ಇವೂ ಜರ್ಮನ್ ಅಡ್ಡಹೆಸರುಗಳೇ.

ಇನ್ನೊಂದು ವಿಷಯ. ಹುಡುಕಿದರೆ ಹೀಬ್ರೂ ಬೈಬಲ್ ವಿದ್ವಾಂಸ ರುಡಾಲ್ಫ್ ಕಿಟೆಲ್ ಕೂಡ ಸಿಗುತ್ತಾರೆ. ಅಡ್ಡಹೆಸರು ಒಂದೇ ಅಂದ ಮಾತ್ರಕ್ಕೆ ನಂಟು ಅಂತ ದಯವಿಟ್ಟು ತಿಳಿಯಬೇಡಿ. ಈ ಅಂಗಿ ಎಲ್ಲ ಕಡೆ ಇತ್ತು, ಒಂದಕ್ಕೊಂದು ಸಂಬಂಧವೇ ಇಲ್ಲದ ಊರುಗಳಲ್ಲೂ ಈ ಹೆಸರು ತಾನಾಗಿ ಹುಟ್ಟಬಹುದು. ನಂಟಿದೆಯಾ ಅಂತ ನೋಡಬೇಕಾದರೆ ಆಯಾ ಊರಿನ ಚರ್ಚಿನಲ್ಲಿ ಹುಟ್ಟು, ಮದುವೆ, ಸಾವು ಬರೆದಿಟ್ಟ ದಾಖಲೆ ಪುಸ್ತಕಗಳನ್ನೇ ತೆಗೆಯಬೇಕು.